ಕಚೇರಿಯ ಮುದ್ರಣ ವೆಚ್ಚ ಇಳಿಸಲು ಪ್ರಿಂಟರ್ ಬದಲಿಸುವ ಮುನ್ನ: ಮೀಟರ್, ಬಿಲ್ಲು ಮತ್ತು ಪುಟದ ಲೆಕ್ಕ

ನಮ್ಮ ಸಣ್ಣ ಮತ್ತು ಮಧ್ಯಮ ಗಾತ್ರದ ಕಚೇರಿಗಳಲ್ಲಿ ಪ್ರಿಂಟರ್ ಬದಲಿಸುವ ನಿರ್ಧಾರ ಸಾಮಾನ್ಯವಾಗಿ ಯಂತ್ರ ಪೂರ್ತಿ ಕೆಟ್ಟು ನಿಂತಾಗ ಆಗುತ್ತದೆ, ಇಲ್ಲವೇ ಮಾರಾಟಗಾರರು ರಿಯಾಯಿತಿ ಹೇಳಿದಾಗ ಅಥವಾ ಮಾರ್ಚ್ ಕೊನೆಯಲ್ಲಿ ಹಣ ಉಳಿದಿದೆ ಎಂದು ತಿಳಿದಾಗ ಆಗುತ್ತದೆ. ಆ ಯಂತ್ರ ಒಂದು ಪುಟಕ್ಕೆ ಎಷ್ಟು ಖರ್ಚು ಮಾಡಿಸುತ್ತಿದೆ ಎಂಬುದನ್ನು ಈ ಮೂರು ಕಾರಣಗಳಲ್ಲಿ ಯಾವುದೂ ಹೇಳುವುದಿಲ್ಲ. ಬದಲಾವಣೆಯಿಂದ ಉಳಿತಾಯ ಆಗಬೇಕಾದರೆ ಪ್ರತಿಯೊಂದು ಯಂತ್ರ ತಿಂಗಳಿಗೆ ಎಷ್ಟು ಪುಟ ಮುದ್ರಿಸುತ್ತದೆ, ಅದಕ್ಕೆ ಎಷ್ಟು ಹಣ ಹೋಗುತ್ತದೆ ಎಂಬ ಎರಡು ಸಂಖ್ಯೆಗಳು ಮೊದಲು ಕೈಯಲ್ಲಿರಬೇಕು. ಅವು ಸಿಕ್ಕ ಮೇಲೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ, ಇರುವ ಯಂತ್ರಗಳನ್ನು ಅದಲುಬದಲು ಮಾಡಿದರೆ ಸಾಕು ಎಂಬುದು ಎಷ್ಟೋ ಕಡೆ ತಾನಾಗಿಯೇ ಕಾಣುತ್ತದೆ.

ಈ ಮಾರ್ಗದರ್ಶಿಯಲ್ಲಿ ಜಿಲ್ಲಾ ಕೇಂದ್ರದಲ್ಲಿ ಪ್ರಧಾನ ಕಚೇರಿಯೂ ತಾಲ್ಲೂಕುಗಳಲ್ಲಿ ಕೆಲವು ಶಾಖೆಗಳೂ ಇರುವ ಒಂದು ಪತ್ತಿನ ಸಹಕಾರ ಸಂಘವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಲೇಜು, ಲೆಕ್ಕ ಪರಿಶೋಧಕರ ಕಚೇರಿ ಅಥವಾ ವಕೀಲರ ಕಚೇರಿಗೂ ಕ್ರಮ ಇದೇ. ಉದಾಹರಣೆಗಳಲ್ಲಿ ಬರುವ ದರಗಳೆಲ್ಲ ಲೆಕ್ಕದ ರೀತಿ ತೋರಿಸಲು ಹಿಡಿದ ಅಂದಾಜುಗಳು. ಅವುಗಳ ಜಾಗದಲ್ಲಿ ನಿಮ್ಮ ಬಿಲ್ಲುಗಳ ದರವನ್ನು ಹಾಕಿಕೊಳ್ಳಬೇಕು.

1. ಯಂತ್ರಗಳ ಪಟ್ಟಿ

ಕಚೇರಿಯಲ್ಲಿರುವ ಪ್ರತಿಯೊಂದು ಪ್ರಿಂಟರ್, ಜೆರಾಕ್ಸ್ ಯಂತ್ರ, ಪಾಸ್‌ಬುಕ್ ಪ್ರಿಂಟರ್ ಮತ್ತು ಡಾಟ್ ಮ್ಯಾಟ್ರಿಕ್ಸ್ ಯಂತ್ರವನ್ನು ಒಂದೇ ಪಟ್ಟಿಗೆ ತನ್ನಿ. ಮಾದರಿಯ ಹೆಸರು, ಕ್ರಮಸಂಖ್ಯೆ, ಕೊಂಡ ವರ್ಷ, ಇರುವ ಜಾಗ, ಬಳಸುವವರು ಯಾರು, ಯುಎಸ್‌ಬಿ ತಂತಿಯಲ್ಲಿದೆಯೋ ನೆಟ್‌ವರ್ಕ್‌ನಲ್ಲಿದೆಯೋ, ಹಾಳೆಯ ಎರಡೂ ಬದಿಗೆ ತಾನಾಗಿ ಮುದ್ರಿಸುತ್ತದೆಯೋ ಇಲ್ಲವೋ, ಸರ್ವಿಸ್ ಒಪ್ಪಂದವಿದೆಯೋ ಎಂಬಿಷ್ಟು ವಿವರ ಸಾಕು. ಉಗ್ರಾಣದಲ್ಲಿ ಬಟ್ಟೆ ಹೊದ್ದು ಕುಳಿತ ಯಂತ್ರವನ್ನೂ ಬಿಡಬೇಡಿ. ಕ್ರಮಸಂಖ್ಯೆ ಬರೆಯುವುದು ಮುಖ್ಯ, ಏಕೆಂದರೆ ಒಂದೇ ಮಾದರಿಯ ನಾಲ್ಕು ಯಂತ್ರಗಳಿರುವ ಕಚೇರಿಯಲ್ಲಿ ಯಾವ ಬಿಲ್ಲು ಯಾವುದರದು ಎಂದು ತಿಳಿಯಲು ಅದೊಂದೇ ಗುರುತು.

2. ಮೀಟರ್ ಓದುವುದು

ಬಹುತೇಕ ಪ್ರಿಂಟರ್‌ಗಳು ತಾವು ಹುಟ್ಟಿದಂದಿನಿಂದ ಮುದ್ರಿಸಿದ ಪುಟಗಳನ್ನು ಒಳಗೇ ಎಣಿಸಿಕೊಳ್ಳುತ್ತವೆ. ನೆಟ್‌ವರ್ಕ್‌ನಲ್ಲಿರುವ ಯಂತ್ರವಾದರೆ ಅದರ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ತೆರೆಯುವ ಪುಟದಲ್ಲಿ ಒಟ್ಟು ಸಂಖ್ಯೆ ಕಾಣುತ್ತದೆ. ಪರದೆಯಿರುವ ಯಂತ್ರದಲ್ಲಿ ಕಾನ್ಫಿಗರೇಷನ್ ಪುಟ ಅಥವಾ ಸ್ಟೇಟಸ್ ಪುಟ ಮುದ್ರಿಸಿಕೊಳ್ಳಬಹುದು. ಗುಂಡಿಗಳೇ ಇಲ್ಲದ ಸಣ್ಣ ಲೇಸರ್ ಯಂತ್ರಗಳಲ್ಲಿ ಇಂಥ ಪುಟವನ್ನು ಕಂಪ್ಯೂಟರಿನ ಡ್ರೈವರ್ ಮೂಲಕ ತೆಗೆಯಬೇಕಾಗುತ್ತದೆ. ಶಾಖೆಗಳು ಹೆಚ್ಚಿದ್ದು, ಎಲ್ಲವೂ ನೆಟ್‌ವರ್ಕ್‌ನಲ್ಲಿದ್ದರೆ ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆಯ ಮೂಲಕ ಎಲ್ಲ ಮೀಟರ್‌ಗಳನ್ನೂ ಒಂದೇ ಕಂಪ್ಯೂಟರಿನಿಂದ ಓದಬಹುದು. ಪ್ರಿಂಟರ್‌ಗಳಿಗಾಗಿ ಇದರ ಮಾನದಂಡ 1995ರಲ್ಲೇ ಬಂದಿದ್ದು, 2004ರಲ್ಲಿ ಪರಿಷ್ಕೃತವಾಗಿದೆ, ಆದ್ದರಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳೂ ಒಂದೇ ರೀತಿಯಲ್ಲಿ ಉತ್ತರ ಕೊಡುತ್ತವೆ.

ಪ್ರತಿ ತಿಂಗಳ ಒಂದನೇ ತಾರೀಕಿನ ಬೆಳಿಗ್ಗೆ ಓದಿ ಬರೆಯುವುದು ಒಳ್ಳೆಯ ಕ್ರಮ. ಕನಿಷ್ಠ ಮೂರು ತಿಂಗಳ ದಾಖಲೆ ಬೇಕು, ಆದರೆ ಯಾವ ಮೂರು ತಿಂಗಳು ಎಂಬುದನ್ನು ಯೋಚಿಸಬೇಕು. ಸಹಕಾರ ಸಂಘದಲ್ಲಿ ಮಾರ್ಚ್ ಅಂತ್ಯದ ಲೆಕ್ಕ ಮುಗಿಸುವ ದಿನಗಳೂ ಸೆಪ್ಟೆಂಬರ್‌ನ ಮಹಾಸಭೆಯ ಮುಂಚಿನ ದಿನಗಳೂ ಉಳಿದ ತಿಂಗಳುಗಳಂತೆ ಇರುವುದಿಲ್ಲ. ಕಾಲೇಜಿನಲ್ಲಿ ಪ್ರವೇಶದ ಕಾಲ ಮತ್ತು ಪರೀಕ್ಷೆಯ ಕಾಲಕ್ಕೂ ಈ ಮಾತು ಸಲ್ಲುತ್ತದೆ. ಒಂದು ಏರುಕಾಲವೂ ಒಂದು ಇಳಿಕಾಲವೂ ದಾಖಲೆಯೊಳಗೆ ಬರುವಂತೆ ನೋಡಿಕೊಂಡರೆ ಸರಾಸರಿ ನಂಬಬಹುದಾದದ್ದಾಗುತ್ತದೆ.

ಮೀಟರ್ ಎಣಿಸುವುದು ಮುದ್ರಿತ ಬದಿಗಳನ್ನೇ ಹೊರತು ಹಾಳೆಗಳನ್ನಲ್ಲ. ಒಂದು ಹಾಳೆಯ ಎರಡೂ ಬದಿ ಮುದ್ರಿಸಿದರೆ ಮೀಟರಿನಲ್ಲಿ ಎರಡು ಏರುತ್ತದೆ. ಅನೇಕ ಜೆರಾಕ್ಸ್ ಯಂತ್ರಗಳಲ್ಲಿ ಎ3 ಗಾತ್ರದ ಒಂದು ಬದಿಯನ್ನು ಎರಡು ಎಂದು ಎಣಿಸುವ ರೂಢಿಯಿದೆ. ಬಣ್ಣದ ಮತ್ತು ಕಪ್ಪು ಪುಟಗಳಿಗೆ ಬೇರೆ ಬೇರೆ ಲೆಕ್ಕವಿರುತ್ತದೆ. ಆದ್ದರಿಂದ ಮೀಟರಿನ ಜೊತೆಗೆ ಆ ಯಂತ್ರಕ್ಕೆ ಎಷ್ಟು ರೀಮ್ ಕಾಗದ ಹೋಯಿತೆಂಬುದನ್ನೂ ಬರೆಯಬೇಕು. ಈ ಬರಹದಲ್ಲಿ ಮುಂದೆ ಪುಟ ಎಂದರೆ ಮುದ್ರಿತ ಬದಿ, ಹಾಳೆ ಎಂದರೆ ಕಾಗದ. ಮುದ್ರಣ ವೆಚ್ಚದ ಬಹಳಷ್ಟು ತಪ್ಪು ತೀರ್ಮಾನಗಳು ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟುತ್ತವೆ.

ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಉದ್ದದ ದಾಖಲೆ ಮುದ್ರಿಸುತ್ತಾರೆ ಎಂಬುದೂ ಬೇಕಾದರೆ ವಿಂಡೋಸ್‌ನಲ್ಲೇ ದಾರಿಯಿದೆ. ಇವೆಂಟ್ ವ್ಯೂವರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಪ್ರಿಂಟ್‌ಸರ್ವಿಸ್ ಎಂಬ ಸಾಲಿನಲ್ಲಿ ಇಳಿದು ಆಪರೇಷನಲ್ ಎಂಬ ದಾಖಲೆಯನ್ನು ಚಾಲೂ ಮಾಡಿದರೆ, ಮುದ್ರಣವಾದ ಪ್ರತಿಯೊಂದು ಕಡತಕ್ಕೂ 307 ಎಂಬ ಸಂಖ್ಯೆಯ ನಮೂದು ಬೀಳುತ್ತದೆ. ಒಂದೇ ಕಡತದ ಹಲವು ಪ್ರತಿ ತೆಗೆದಾಗ ಆ ನಮೂದಿನ ಪುಟಸಂಖ್ಯೆಯನ್ನು ಪೂರ್ತಿ ನಂಬಲಾಗದು. ಹಾಗಾಗಿ ಒಟ್ಟು ಲೆಕ್ಕಕ್ಕೆ ಮೀಟರನ್ನೇ ಹಿಡಿದು, ಕೆಲಸದ ಸ್ವರೂಪ ತಿಳಿಯಲು ಮಾತ್ರ ಇದನ್ನು ನೋಡಿ. ಈ ದಾಖಲೆಯಲ್ಲಿ ಬಳಕೆದಾರರ ಹೆಸರೂ ಕಡತದ ಹೆಸರೂ ಇರುತ್ತದೆ. ಸಿಬ್ಬಂದಿಗೆ ಮೊದಲೇ ಹೇಳದೆ ಇದನ್ನು ಚಾಲೂ ಮಾಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರವನ್ನು ಅಳೆಯಲು ಹೊರಟು ಮನುಷ್ಯರ ಮೇಲೆ ಕಣ್ಣಿಡುವಂತಾದರೆ ಮುಂದೆ ಯಾರೂ ಈ ಕೆಲಸದಲ್ಲಿ ಸಹಕರಿಸುವುದಿಲ್ಲ.

3. ಖರ್ಚನ್ನು ಯಂತ್ರದ ಹೆಸರಿಗೆ ಬರೆಯುವುದು

ನಮ್ಮ ಲೆಕ್ಕಪುಸ್ತಕಗಳಲ್ಲಿ ಕಾರ್ಟ್ರಿಡ್ಜ್, ರೀಫಿಲ್, ಕಾಗದ, ರಿಬ್ಬನ್, ರಿಪೇರಿ ಎಲ್ಲವೂ ಲೇಖನ ಸಾಮಗ್ರಿ ಮತ್ತು ದುರಸ್ತಿ ಎಂಬ ಎರಡು ಶೀರ್ಷಿಕೆಗಳಲ್ಲಿ ಸೇರಿಹೋಗಿರುತ್ತವೆ. ಕಳೆದ ಒಂದು ವರ್ಷದ ವೋಚರ್‌ಗಳನ್ನು ತೆಗೆದು ಪ್ರತಿಯೊಂದನ್ನೂ ಯಂತ್ರದ ಕ್ರಮಸಂಖ್ಯೆಗೆ ಹಂಚುವುದು ಬೇಸರದ ಕೆಲಸವಾದರೂ ಅದನ್ನು ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಹಳೆಯದು ಸಿಗದಿದ್ದರೆ ಇಂದಿನಿಂದಲಾದರೂ ದಾಸ್ತಾನು ವಹಿಯಲ್ಲಿ ಒಂದು ಅಂಕಣ ಹೆಚ್ಚಿಸಿ, ಕಾರ್ಟ್ರಿಡ್ಜ್ ಅಥವಾ ರೀಮ್ ಕೊಡುವಾಗ ಯಾವ ಯಂತ್ರಕ್ಕೆ ಎಂದು ಬರೆಯಿಸಿ. ಕಾರ್ಟ್ರಿಡ್ಜ್ ಬದಲಿಸಿದಾಗ ಅಥವಾ ರೀಫಿಲ್ ಮಾಡಿಸಿದಾಗ ಆ ಕ್ಷಣದ ಮೀಟರ್ ಸಂಖ್ಯೆಯನ್ನೂ ಬರೆಯಿಸಿ.

ಈ ಒಂದು ನಮೂದು ಬಹಳ ಬೆಲೆಯುಳ್ಳದ್ದು. ಕಾರ್ಟ್ರಿಡ್ಜ್ ಡಬ್ಬಿಯ ಮೇಲಿರುವ ಪುಟಸಂಖ್ಯೆ ಪ್ರಯೋಗಾಲಯದ ಅಳತೆ. ಕಪ್ಪು ಟೋನರ್‌ಗೆ (ಲೇಸರ್ ಯಂತ್ರದ ಮಸಿಪುಡಿ) ಐಎಸ್‌ಒ/ಐಇಸಿ 19752, ಬಣ್ಣದ ಟೋನರ್‌ಗೆ 19798, ಇಂಕ್‌ಗೆ 24711 ಎಂಬ ಮಾನದಂಡಗಳಿವೆ. ನಿಗದಿತ ಮಾದರಿ ಪುಟಗಳನ್ನು ಮುದ್ರಿಸಿ ಅಲ್ಲಿ ಎಣಿಸುತ್ತಾರೆ, ಮತ್ತು ಕಪ್ಪು ಟೋನರ್‌ನ ಸಂಖ್ಯೆಯನ್ನು ಪುಟದ ಸುಮಾರು 5 ಶೇಕಡಾ ಭಾಗ ಮಾತ್ರ ಮಸಿ ಹೊತ್ತಿರುತ್ತದೆ ಎಂಬ ಲೆಕ್ಕದಲ್ಲಿ ಓದುವುದು ವಾಡಿಕೆ. ನಿಮ್ಮ ಕಚೇರಿಯ ಪುಟದಲ್ಲಿ ದೊಡ್ಡ ಲಾಂಛನ, ಚೌಕಟ್ಟು ಹಾಕಿದ ಕೋಷ್ಟಕ, ದಪ್ಪಕ್ಷರದ ಶೀರ್ಷಿಕೆ, ಗುರುತಿನ ಚೀಟಿಯ ಕಪ್ಪಾದ ಜೆರಾಕ್ಸ್ ಇವೆಲ್ಲ ಇದ್ದರೆ ಆ ಸಂಖ್ಯೆ ತಲುಪುವುದಿಲ್ಲ. ನಮ್ಮ ಕಚೇರಿಗಳಲ್ಲಿ ಬಹುಕಾಲ ಓಡಿದ ಎಚ್‌ಪಿ ಲೇಸರ್‌ಜೆಟ್ 1020ರ ಕಾರ್ಟ್ರಿಡ್ಜ್‌ಗೆ ಕಂಪನಿ ಹೇಳುವುದು 2,000 ಪುಟ. ನಿಮ್ಮಲ್ಲಿ ಅದು 1,600ಕ್ಕೇ ಮುಗಿಯುತ್ತಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು 1,600.

4. ಪುಟದ ದರ

ಸೂತ್ರ ಸರಳ: ಒಂದು ಅವಧಿಯಲ್ಲಿ ಆ ಯಂತ್ರಕ್ಕೆ ಹೋದ ಟೋನರ್ ಅಥವಾ ಇಂಕ್, ಡ್ರಮ್ (ಟೋನರನ್ನು ಕಾಗದಕ್ಕೆ ದಾಟಿಸುವ ಉರುಳೆ), ಬಿಡಿಭಾಗ, ಸರ್ವಿಸ್ ಮತ್ತು ಬಾಡಿಗೆಯ ಒಟ್ಟು ಹಣವನ್ನು ಅದೇ ಅವಧಿಯ ಪುಟಗಳಿಂದ ಭಾಗಿಸಬೇಕು. ಕಾಗದದ ವೆಚ್ಚವನ್ನು ಬೇರೆಯಾಗಿಡಿ. ಏಕೆ ಎಂಬುದು ಕೆಳಗಿನ ಲೆಕ್ಕದಲ್ಲಿ ಕಾಣುತ್ತದೆ. ಯಂತ್ರ ಕೊಳ್ಳುವಾಗ ಕೊಟ್ಟ ಹಣವನ್ನು ಇಲ್ಲಿ ಸೇರಿಸಬೇಡಿ. ಅದು ಹೋದ ಹಣ. ಇಟ್ಟುಕೊಂಡರೂ ತೆಗೆದರೂ ಮರಳಿ ಬರುವುದಿಲ್ಲ. ಮೊನ್ನೆ ಮೊನ್ನೆ ಕೊಂಡದ್ದು ಎಂಬ ಒಂದೇ ಕಾರಣಕ್ಕೆ ದುಬಾರಿ ಯಂತ್ರವನ್ನು ಓಡಿಸುತ್ತಲೇ ಇರುವ ಕಚೇರಿ ತಿಂಗಳು ತಿಂಗಳೂ ಮತ್ತೆ ಹಣ ಕಳೆದುಕೊಳ್ಳುತ್ತದೆ.

ಸಾಲ ವಿಭಾಗದ ಒಂದು ಸಣ್ಣ ಲೇಸರ್ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಂಗಳಿಗೆ 4,000 ಪುಟ, ಎಲ್ಲವೂ ಒಂದೇ ಬದಿ. ಕಾರ್ಟ್ರಿಡ್ಜ್‌ಗೆ ಸ್ಥಳೀಯವಾಗಿ ರೀಫಿಲ್ ಮಾಡಿಸುತ್ತಾರೆ. ಒಂದು ರೀಫಿಲ್‌ಗೆ 350 ರೂಪಾಯಿ, ಅದರಿಂದ 1,400 ಪುಟ ಬರುತ್ತದೆ ಎಂದರೆ ಪುಟಕ್ಕೆ 25 ಪೈಸೆ. ನಾಲ್ಕು ರೀಫಿಲ್‌ಗೊಮ್ಮೆ ಡ್ರಮ್ ಮತ್ತು ಬ್ಲೇಡ್‌ಗೆ 400 ರೂಪಾಯಿ ಎಂದರೆ ಇನ್ನು 7 ಪೈಸೆ. ಪಿಕಪ್ ರೋಲರ್, ಟೆಫ್ಲಾನ್, ಮೆಕ್ಯಾನಿಕ್ ಬಂದ ಖರ್ಚು ಸೇರಿ ವರ್ಷಕ್ಕೆ 6,000 ರೂಪಾಯಿ ಎಂದರೆ, ವರ್ಷದ 48,000 ಪುಟಗಳಿಗೆ ಹಂಚಿದಾಗ 12.5 ಪೈಸೆ. ಒಟ್ಟು ಸುಮಾರು 45 ಪೈಸೆ. ರೀಮ್‌ಗೆ 300 ರೂಪಾಯಿಯಾದರೆ 500 ಹಾಳೆಯಲ್ಲಿ ಒಂದಕ್ಕೆ 60 ಪೈಸೆ.

ಅಂದರೆ ರೀಫಿಲ್ ಬಳಸುವ ಕಚೇರಿಯಲ್ಲಿ ಮಸಿಗಿಂತ ಕಾಗದ ದುಬಾರಿ. ಮೂಲ ಕಾರ್ಟ್ರಿಡ್ಜ್‌ಗಳನ್ನೇ ಬಳಸುವ ದೊಡ್ಡ ಕಂಪನಿಗಳಿಗಾಗಿ ಬರೆದ ಸಲಹೆಗಳನ್ನು ನಾವು ಹಾಗೆಯೇ ಎತ್ತಿಕೊಂಡರೆ ಎಡವುವುದು ಇಲ್ಲಿಯೇ. ಅಲ್ಲಿ ಹೊಸ ಯಂತ್ರ ಟೋನರ್‌ನಲ್ಲಿ ಉಳಿಸುತ್ತದೆ; ನಮ್ಮಲ್ಲಿ ರೀಫಿಲ್ ಅದಾಗಲೇ ಟೋನರ್ ದರವನ್ನು ನೆಲಕ್ಕಿಳಿಸಿರುವುದರಿಂದ ಉಳಿತಾಯ ಬರಬೇಕಾದದ್ದು ಮುಖ್ಯವಾಗಿ ಎರಡೂ ಬದಿ ಮುದ್ರಣದಿಂದ. ಮೇಲಿನ 4,000 ಪುಟಗಳಲ್ಲಿ 2,400 ಪುಟಗಳನ್ನು ಎರಡೂ ಬದಿಗೆ ತರಲು ಸಾಧ್ಯವಾದರೆ 1,200 ಹಾಳೆ ಉಳಿಯುತ್ತವೆ. ತಿಂಗಳಿಗೆ 720 ರೂಪಾಯಿ, ವರ್ಷಕ್ಕೆ 8,640 ರೂಪಾಯಿ.

5. ಹೊಸ ಯಂತ್ರದ ಲೆಕ್ಕವನ್ನು ಅದೇ ಕಣ್ಣಿನಿಂದ ನೋಡುವುದು

ಈಗ ಎರಡೂ ಬದಿ ಮುದ್ರಿಸುವ, ನೆಟ್‌ವರ್ಕ್ ಸೌಲಭ್ಯವಿರುವ ಹೊಸ ಲೇಸರ್ ಯಂತ್ರವೊಂದು 20,000 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಅದರ ಕಾರ್ಟ್ರಿಡ್ಜ್‌ನಲ್ಲಿ ಮೂಲವಲ್ಲದ್ದನ್ನು ಗುರುತಿಸುವ ಚಿಪ್ ಇದ್ದು ಮೂಲ ಕಾರ್ಟ್ರಿಡ್ಜನ್ನೇ ಹಾಕಬೇಕಾಗಿ ಬಂದರೆ, ಮತ್ತು ಅದರ ದರ ಪುಟಕ್ಕೆ 1.80 ರೂಪಾಯಿ ಬಿದ್ದರೆ, ಪ್ರತಿ ಪುಟಕ್ಕೂ ಈಗಿನದಕ್ಕಿಂತ 1.35 ರೂಪಾಯಿ ಹೆಚ್ಚು ಹೋಗುತ್ತದೆ. 4,000 ಪುಟಗಳಿಗೆ ಅದು ತಿಂಗಳಿಗೆ 5,400 ರೂಪಾಯಿ. ಕಾಗದದಲ್ಲಿ 720 ಉಳಿಸಿ ಟೋನರ್‌ನಲ್ಲಿ 5,400 ಕಳೆಯುವ ಈ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಈ ಜಾಗಕ್ಕೆ ಹೊಂದುವುದಿಲ್ಲ. ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ ಯಂತ್ರದ ಬೆಲೆಯದಲ್ಲ, ಕಾರ್ಟ್ರಿಡ್ಜ್‌ನದು: ಚಿಪ್ ಇದೆಯೇ, ನಮ್ಮ ಊರಿನಲ್ಲಿ ರೀಫಿಲ್ ಆಗುತ್ತದೆಯೇ, ಡ್ರಮ್ ಟೋನರ್‌ನೊಳಗೇ ಇದೆಯೇ ಬೇರೆಯಾಗಿ ಕೊಳ್ಳಬೇಕೇ, ಯಂತ್ರದೊಂದಿಗೆ ಬರುವ ಮೊದಲ ಕಾರ್ಟ್ರಿಡ್ಜ್ ಪೂರ್ತಿ ತುಂಬಿದ್ದೇ ಅಥವಾ ಕಡಿಮೆ ಪುಟದ್ದೇ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಟೋನರ್ ಪುಡಿ ಮತ್ತು ಚಿಪ್ ನಿಮ್ಮ ತಾಲ್ಲೂಕಿನ ಮೆಕ್ಯಾನಿಕ್ ಬಳಿ ಸಿಗುತ್ತದೆಂಬ ಭರವಸೆಯಿಲ್ಲ. ಅವರನ್ನೇ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಆಯ್ಕೆ ಎರಡೂ ಬದಿ ಮುದ್ರಿಸುವ, ಬಾಟಲಿಯಿಂದ ಇಂಕ್ ತುಂಬಿಸುವ ಇಂಕ್ ಟ್ಯಾಂಕ್ ಯಂತ್ರ. ಬೆಲೆ 18,000, ಇಂಕ್ ಮತ್ತು ನಿರ್ವಹಣೆ ಸೇರಿ ಪುಟಕ್ಕೆ 20 ಪೈಸೆ ಎಂದರೆ ಈಗಿನ 45 ಪೈಸೆಗಿಂತ 25 ಪೈಸೆ ಕಡಿಮೆ. ತಿಂಗಳಿಗೆ 1,000 ರೂಪಾಯಿ, ಜೊತೆಗೆ ಕಾಗದದ 720. ಒಟ್ಟು 1,720ರಂತೆ ಹನ್ನೊಂದು ತಿಂಗಳೊಳಗೆ ಹಾಕಿದ ಹಣ ಮರಳುತ್ತದೆ. ಎಪ್ಸನ್‌ನ 003 ಕಪ್ಪು ಇಂಕ್‌ನ 65 ಮಿಲಿಲೀಟರ್ ಬಾಟಲಿಗೆ ಕಂಪನಿ ಹೇಳುವ 4,500 ಪುಟದಂತಹ ಅಂಕಿ ನೋಡಿದರೆ ಈ ವರ್ಗದ ಯಂತ್ರಗಳ ಪುಟದರ ಏಕೆ ಕಡಿಮೆ ಎಂಬುದು ತಿಳಿಯುತ್ತದೆ. ಲೇಸರ್ ಯಂತ್ರದ ಒಳಗೆ ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸಬೇಕಾಗಿರುವುದರಿಂದ ಅದು ಥಟ್ಟನೆ ಬಹಳ ವಿದ್ಯುತ್ ಎಳೆಯುತ್ತದೆ, ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಇಂಕ್ ಟ್ಯಾಂಕ್ ಕೆಲವೇ ವಾಟ್‌ಗಳಲ್ಲಿ ಓಡುವುದರಿಂದ ಕರೆಂಟ್ ಹೋದಾಗಲೂ ಯುಪಿಎಸ್ ಮೇಲೆ ಕೆಲಸ ನಿಲ್ಲುವುದಿಲ್ಲ.

ಆದರೆ ಅದಕ್ಕೂ ಮಿತಿಗಳಿವೆ. ವಾರಗಟ್ಟಲೆ ಮುದ್ರಿಸದೆ ಬಿಟ್ಟರೆ ನಾಝಲ್ ಒಣಗುತ್ತದೆ, ಸ್ವಚ್ಛಗೊಳಿಸುವಾಗಲೆಲ್ಲ ಇಂಕ್ ಖರ್ಚಾಗುತ್ತದೆ, ಆ ಇಂಕ್ ಸೇರುವ ಪ್ಯಾಡ್ ಒಂದು ದಿನ ತುಂಬಿ ಯಂತ್ರ ನಿಲ್ಲುತ್ತದೆ. ಡೈ ಇಂಕ್ ನೀರು ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಇಂಕ್ ತಡೆದುಕೊಳ್ಳುತ್ತದೆ. ಸಾಲದ ಕರಾರು, ಠೇವಣಿ ರಸೀದಿಯಂತಹ ವರ್ಷಗಟ್ಟಲೆ ಇಡಬೇಕಾದ ಕಾಗದಕ್ಕೆ ಯಾವ ಇಂಕ್ ಎಂಬುದನ್ನು ಮಲೆನಾಡಿನ ಶಾಖೆಗಳು ವಿಶೇಷವಾಗಿ ಗಮನಿಸಬೇಕು. ಅಂಗಡಿಯಲ್ಲೇ ನಿಮ್ಮ ಒಂದು ಪುಟ ಮುದ್ರಿಸಿ, ಒಣಗಿದ ಮೇಲೆ ಒಂದು ಹನಿ ನೀರು ಹಾಕಿ ಒರೆಸಿ ನೋಡಿದರೆ ಗೊತ್ತಾಗುತ್ತದೆ.

6. ಕೊಳ್ಳುವ ಮೊದಲು ಜಾಗ ಬದಲಿಸುವುದು

ಎಲ್ಲ ಯಂತ್ರಗಳ ಪುಟದರವನ್ನೂ ತಿಂಗಳ ಪುಟಗಳನ್ನೂ ಅಕ್ಕಪಕ್ಕ ಬರೆದಾಗ ಎರಡು ಬಗೆಯ ತಪ್ಪು ಜೋಡಣೆ ಎದ್ದು ಕಾಣುತ್ತವೆ: ಹೆಚ್ಚು ಕೆಲಸವಿರುವ ಮೇಜಿನಲ್ಲಿ ಪುಟದರ ಹೆಚ್ಚಿರುವ ಸಣ್ಣ ಯಂತ್ರ, ಮತ್ತು ಕೆಲಸವೇ ಇಲ್ಲದ ಕೊಠಡಿಯಲ್ಲಿ ಎರಡೂ ಬದಿ ಮುದ್ರಿಸಬಲ್ಲ ಒಳ್ಳೆಯ ಯಂತ್ರ. ವ್ಯವಸ್ಥಾಪಕರ ಕೊಠಡಿಯಲ್ಲಿ ತಿಂಗಳಿಗೆ 200 ಪುಟ ಮುದ್ರಿಸುತ್ತಿರುವ ಯಂತ್ರಕ್ಕೆ ಊರಿನಲ್ಲಿ ರೀಫಿಲ್ ಆಗುವುದಾದರೆ, ಅದನ್ನು ಸಾಲ ವಿಭಾಗಕ್ಕೆ ಇಟ್ಟು ಅಲ್ಲಿನದನ್ನು ಕೊಠಡಿಗೆ ತಂದರೆ ಮೇಲಿನ 720 ರೂಪಾಯಿ ಒಂದು ಪೈಸೆಯೂ ಹಾಕದೆ ಉಳಿಯುತ್ತದೆ. ದೊಡ್ಡವರ ಕೊಠಡಿಯಿಂದ ಯಂತ್ರ ಎತ್ತುವುದು ಕೆಲವು ಕಡೆ ಕಷ್ಟದ ಮಾತು. ಲೆಕ್ಕದ ಹಾಳೆಯನ್ನು ಮುಂದಿಟ್ಟು ಕೇಳಿದರೆ ಅದೇ ಮಾತು ಸುಲಭವಾಗುತ್ತದೆ.

ಹೀಗೆ ಸ್ಥಳಾಂತರಿಸುವಾಗ ಕಂಪನಿ ಸೂಚಿಸುವ ತಿಂಗಳ ಪುಟಮಿತಿಯನ್ನು ನೋಡಿ. ಡ್ಯೂಟಿ ಸೈಕಲ್ ಎಂದು ಬರೆದಿರುವುದು ಯಂತ್ರ ತಾಳಬಲ್ಲ ಗರಿಷ್ಠ, ಮೇಲೆ ಹೇಳಿದ ಲೇಸರ್‌ಜೆಟ್ 1020ಕ್ಕೆ ಅದು 5,000 ಪುಟ. ದಿನನಿತ್ಯಕ್ಕೆ ಶಿಫಾರಸು ಮಾಡುವ ಪ್ರಮಾಣ ಯಾವಾಗಲೂ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಗರಿಷ್ಠದ ಅಂಚಿನಲ್ಲೇ ಓಡುವ ಯಂತ್ರದ ರಿಪೇರಿ ಬಿಲ್ಲು ಏರುತ್ತಲೇ ಹೋಗುತ್ತದೆ.

ಕೆಲವನ್ನು ಲೆಕ್ಕ ಏನೇ ಹೇಳಿದರೂ ಮುಟ್ಟಬಾರದು. ಕಾರ್ಬನ್ ಪ್ರತಿ ಬೇಕಾದ ರಸೀದಿಗೆ ಡಾಟ್ ಮ್ಯಾಟ್ರಿಕ್ಸೇ ಬೇಕು. ಅದರ ಸೂಜಿಗಳು ರಿಬ್ಬನ್ ಮೇಲೆ ಬಡಿದು ಅಕ್ಷರ ಮೂಡಿಸುತ್ತವೆ, ಲೇಸರ್ ಅಥವಾ ಇಂಕ್ ಯಂತ್ರದಿಂದ ಕೆಳಗಿನ ಪ್ರತಿಗೆ ಏನೂ ಇಳಿಯುವುದಿಲ್ಲ. ಹಾಗೆಯೇ ಸದಸ್ಯರು ಎದುರಿಗೆ ನಿಂತಿರುವ ಕೌಂಟರಿನ ಯಂತ್ರವನ್ನು ಉಳಿತಾಯದ ಹೆಸರಿನಲ್ಲಿ ಒಳಕೋಣೆಗೆ ಸಾಗಿಸಬೇಡಿ. ಪ್ರತಿ ರಸೀದಿಗೂ ಗುಮಾಸ್ತರು ಎದ್ದು ಹೋಗಿ ಬರಬೇಕಾದರೆ ಸಾಲು ಬೆಳೆಯುತ್ತದೆ, ವಯಸ್ಸಾದ ಸದಸ್ಯರು ಕಾಯುತ್ತಾರೆ. ಆ ನಷ್ಟ ಯಾವ ಮೀಟರಿನಲ್ಲೂ ಬೀಳುವುದಿಲ್ಲವಾದ್ದರಿಂದಲೇ ಅದನ್ನು ನಾವು ನೆನಪಿಟ್ಟುಕೊಳ್ಳಬೇಕು.

7. ಬಾಡಿಗೆ ಯಂತ್ರವಾದರೆ

ಪುಟಕ್ಕಿಷ್ಟು ಎಂಬ ಕರಾರಿನಲ್ಲಿ ಸಾಮಾನ್ಯವಾಗಿ ತಿಂಗಳ ಕನಿಷ್ಠ ಪುಟಗಳ ಷರತ್ತಿರುತ್ತದೆ. ಕನಿಷ್ಠ 5,000 ಪುಟ, ಪುಟಕ್ಕೆ 60 ಪೈಸೆ ಎಂದರೆ 3,000 ರೂಪಾಯಿ ಕಟ್ಟಲೇಬೇಕು. 2,000 ಪುಟ ಮಾತ್ರ ಮುದ್ರಿಸಿದ ತಿಂಗಳಲ್ಲಿ ನಿಜವಾದ ದರ 1.50 ರೂಪಾಯಿ. ನಿಮ್ಮ ಇಳಿಕಾಲದ ಮೀಟರ್ ದಾಖಲೆಯೇ ಇಲ್ಲಿ ಚೌಕಾಸಿಗೆ ಆಧಾರ. ಎ3ಯನ್ನು ಹೇಗೆ ಎಣಿಸುತ್ತಾರೆ, ಡ್ರಮ್ ಸೇರಿದೆಯೇ, ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆದು, ಮೀಟರನ್ನು ಇಬ್ಬರೂ ಒಟ್ಟಿಗೆ ಓದಿ ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ.

ಟೆಂಡರ್ ಅಥವಾ ಜೆಮ್ ಪೋರ್ಟಲ್ ಮೂಲಕ ಕೊಳ್ಳುವ ಸರ್ಕಾರಿ ಕಚೇರಿಗಳಲ್ಲಿ ಯಂತ್ರದ ಬೆಲೆಯೊಂದನ್ನೇ ಹೋಲಿಸಿದರೆ, ಅಗ್ಗದ ಯಂತ್ರ ಮತ್ತು ದುಬಾರಿ ಕಾರ್ಟ್ರಿಡ್ಜ್ ಗೆಲ್ಲುವ ಅಪಾಯವಿದೆ. ನಿಯಮ ಅವಕಾಶ ಕೊಡುವಷ್ಟರ ಮಟ್ಟಿಗೆ ಮೂರು ವರ್ಷಗಳ ಟೋನರ್ ವೆಚ್ಚವನ್ನೂ ಹೋಲಿಕೆಯಲ್ಲಿ ಸೇರಿಸುವಂತೆ ಬೇಡಿಕೆ ಪಟ್ಟಿಯಲ್ಲೇ ಬರೆಯಬೇಕು.

8. ಅಳವಡಿಸಿದ ಮೇಲೆ

ಎರಡೂ ಬದಿ ಮುದ್ರಣವನ್ನು ಪ್ರತಿ ಕಂಪ್ಯೂಟರಿನ ಡ್ರೈವರ್‌ನಲ್ಲಿ ಪೂರ್ವನಿಗದಿ ಮಾಡದಿದ್ದರೆ ಹೊಸ ಯಂತ್ರ ಹಳೆಯದರಂತೆಯೇ ಕಾಗದ ತಿನ್ನುತ್ತದೆ. ಛಾಪಾ ಕಾಗದ, ಪ್ರಮಾಣಪತ್ರ, ಒಂದೇ ಬದಿ ಬೇಕೆಂಬ ನಿಯಮವಿರುವ ಅರ್ಜಿಗಳಿಗಾಗಿ ಅದೇ ಯಂತ್ರವನ್ನು ಇನ್ನೊಂದು ಹೆಸರಿನಲ್ಲಿ, ಒಂದು ಬದಿಯ ವ್ಯವಸ್ಥೆಯೊಂದಿಗೆ, ಸೇರಿಸಿಕೊಡಿ. ಆಗ ಸಿಬ್ಬಂದಿ ಪ್ರತಿ ಬಾರಿ ವ್ಯವಸ್ಥೆಯನ್ನು ಬದಲಿಸಬೇಕಾಗುವುದಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವ ಹೀರಿದ ಕಾಗದ ಮೊದಲ ಬದಿ ಬಿಸಿಯಾಗಿ ಸುರುಳಿಗೊಂಡು ಎರಡನೆಯ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ರೀಮನ್ನು ಬೇಕಾದಾಗ ಮಾತ್ರ ಒಡೆದು, ಗೋಡೆ ಮತ್ತು ನೆಲದಿಂದ ದೂರವಿಟ್ಟರೆ ಈ ತೊಂದರೆ ಬಹಳ ತಗ್ಗುತ್ತದೆ.

ಬದಲಾವಣೆಯ ನಂತರವೂ ಮೀಟರ್ ಓದುವುದನ್ನು ನಿಲ್ಲಿಸಬೇಡಿ. ಎರಡೂ ಬದಿ ಮುದ್ರಣದಿಂದ ಮೀಟರ್ ಸಂಖ್ಯೆ ಇಳಿಯುವುದಿಲ್ಲ, ಇಳಿಯಬೇಕಾದದ್ದು ರೀಮ್‌ಗಳ ಸಂಖ್ಯೆ. ಮೂರು ತಿಂಗಳಾದರೂ ರೀಮ್ ಇಳಿಯದಿದ್ದರೆ ಡ್ರೈವರ್‌ಗಳನ್ನು ನೋಡಿ. ಮೀಟರೇ ಏರಿದ್ದರೆ, ವೇಗದ ಯಂತ್ರ ಬಂದ ಮೇಲೆ ಹೊರಗೆ ಮಾಡಿಸುತ್ತಿದ್ದ ಜೆರಾಕ್ಸ್ ಒಳಗೆ ಬಂದಿದೆಯೇ ಎಂದು ವಿಚಾರಿಸಿ. ಹಾಗೆ ಬಂದಿದ್ದರೆ ಹೊರಗಿನ ಬಿಲ್ಲು ಇಳಿದಿರಬೇಕು, ಅದನ್ನೂ ಲೆಕ್ಕಕ್ಕೆ ತನ್ನಿ.

9. ಹಳೆಯ ಯಂತ್ರದ ವಿಲೇವಾರಿ

ಜೆರಾಕ್ಸ್ ಯಂತ್ರದೊಳಗೆ ಹಾರ್ಡ್ ಡಿಸ್ಕ್ ಇದ್ದರೆ ಅದರಲ್ಲಿ ಸದಸ್ಯರ ಗುರುತಿನ ಚೀಟಿಗಳ ಪ್ರತಿ ಉಳಿದಿರಬಹುದು. ಅಳಿಸಿದ ನಂತರವೇ, ಸಾಧ್ಯವಾದರೆ ಡಿಸ್ಕನ್ನೇ ತೆಗೆದುಕೊಂಡು, ಹೊರಗೆ ಕಳುಹಿಸಿ. ಬಾಡಿಗೆ ಯಂತ್ರ ಹಿಂದಿರುಗಿಸುವಾಗಲೂ ಇದು ಅನ್ವಯಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಮತ್ತು ಕಾರ್ಟ್ರಿಡ್ಜ್ ಎರಡೂ ಸೇರಿವೆ. ಗುಜರಿಗೆ ತೂಕಕ್ಕೆ ಹಾಕದೆ ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಟ್ಟು ರಸೀದಿ ಪಡೆಯಿರಿ. ಆ ರಸೀದಿಯ ದಿನಾಂಕವನ್ನು ಮೊದಲ ಹಂತದ ಪಟ್ಟಿಯಲ್ಲಿ ಯಂತ್ರದ ಕ್ರಮಸಂಖ್ಯೆಯ ಮುಂದೆ ಬರೆದು, ಅದರ ಹೆಸರಿನಲ್ಲಿ ಉಳಿದ ಕಾರ್ಟ್ರಿಡ್ಜ್ ದಾಸ್ತಾನು ಬೇರೆ ಶಾಖೆಯ ಅದೇ ಮಾದರಿಗೆ ಹೊಂದುತ್ತದೆಯೇ ಎಂದು ನೋಡಿ ಅಲ್ಲಿಗೆ ವರ್ಗಾಯಿಸಿ.